ಎಸ್ಸೆಸ್ಸೆಲ್ಸಿ ನಂತರ ಕಾಮರ್ಸ್, ಆಮೇಲೆ ಸಿಎ: ಮಲೆನಾಡಿನ ಮಕ್ಕಳೂ ಹೆತ್ತವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆಯವರು ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಕೋರ್ಸಿನ ವಿವರಗಳು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಪರೀಕ್ಷೆ ನಡೆಸುವ ಸಂಸ್ಥೆಯಾದ ಐಸಿಎಐ 2023ರ ಜುಲೈ 1ರಿಂದ ಜಾರಿಗೆ ತಂದ ಹೊಸ ಪದ್ಧತಿಯವು. ಹಳೆ ಪದ್ಧತಿಯಲ್ಲಿ ಓದಿದ ಅಣ್ಣನೋ ಅಕ್ಕನೋ ಹೇಳುವ ಲೆಕ್ಕ ಇದಕ್ಕೆ ಹೊಂದದಿದ್ದರೆ ಕಾರಣ ಅದೇ.

## ಪಿಯುಸಿ ಸೇರುವ ಮೊದಲು

ಎಸ್ಸೆಸ್ಸೆಲ್ಸಿಲಿ ಒಳ್ಳೆ ಮಾರ್ಕ್ಸ್ ಬಂದಿದೆ. ಸೈನ್ಸ್ ಬಿಟ್ಟು ಕಾಮರ್ಸಿಗೆ ಹಾಕಿದ್ರೆ ಮಾರ್ಕ್ಸು ದಂಡ ಆಗಲ್ವಾ?

ಆಗುವುದಿಲ್ಲ. ಕಡಿಮೆ ಅಂಕ ಬಂದವರಿಗೆ ಕಾಮರ್ಸ್ ಎಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಉಳಿದಿದೆ. ಅದರಿಂದ ಎರಡು ಕಡೆ ನಷ್ಟವಾಗುತ್ತಿದೆ. ಲೆಕ್ಕ, ಕಾನೂನು, ವ್ಯಾಪಾರದಲ್ಲಿ ಆಸಕ್ತಿ ಇದ್ದ ಮಕ್ಕಳು ಎರಡು ವರ್ಷ ಭೌತಶಾಸ್ತ್ರದ ಜೊತೆ ಗುದ್ದಾಡಿ ಆಮೇಲೆ ಬಿಕಾಂಗೆ ಬರುತ್ತಾರೆ. ಓದುವ ಅಭ್ಯಾಸವೇ ಇಲ್ಲದವರು ಸುಲಭವೆಂದುಕೊಂಡು ಕಾಮರ್ಸ್ ಸೇರಿ ಸಿಎ ಹೆಸರಿನಲ್ಲಿ ಹಣ ಕಳೆದುಕೊಳ್ಳುತ್ತಾರೆ. ಸಿಎ ಸುಲಭದ ಪರೀಕ್ಷೆಯಲ್ಲ. ಮೊದಲ ಹಂತವಾದ ಫೌಂಡೇಶನ್‌ನಲ್ಲಿ 2024ರ ಜೂನ್‌ನಲ್ಲಿ ಪಾಸಾದವರು ಶೇ 14.96, 2025ರ ಜನವರಿಯಲ್ಲಿ ಶೇ 21.52.

ಅಂಕಪಟ್ಟಿಗಿಂತ ಮೂರು ಸಂಗತಿ ನೋಡಿ. ಮಗು ಎರಡು ಮೂರು ಗಂಟೆ ಒಂದೇ ಕಡೆ ಕೂತು ಓದುತ್ತದೆಯೇ? ಲೆಕ್ಕ ತಪ್ಪಿದಾಗ ಎಲ್ಲಿ ತಪ್ಪಿತೆಂದು ಹುಡುಕುತ್ತದೆಯೇ, ಉತ್ತರ ನೋಡಿ ಮುಂದೆ ಹೋಗುತ್ತದೆಯೇ? ಸ್ವಂತ ವಾಕ್ಯದಲ್ಲಿ ಒಂದು ಪುಟ ಬರೆಯಬಲ್ಲದೇ? ಈ ಮೂರೂ ಇದ್ದರೆ ಶೇ 70 ಅಂಕದವರೂ ಸಿಎ ಆಗುತ್ತಾರೆ.

ಹೆಬಾ, ಸೆಬಾ, ಸೀಬಾ ಅಂತಾರೆ. ಸಿಎಗೆ ಯಾವುದು ಬೇಕು?

ನಿಯಮದ ಪ್ರಕಾರ ಯಾವುದಾದರೂ ಸರಿ. ಮೂರರಲ್ಲೂ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಇದ್ದೇ ಇರುತ್ತವೆ. ಹೆಬಾದಲ್ಲಿ ನಾಲ್ಕನೆಯದು ಇತಿಹಾಸ, ಸೆಬಾದಲ್ಲಿ ಸಂಖ್ಯಾಶಾಸ್ತ್ರ, ಸೀಬಾದಲ್ಲಿ ಕಂಪ್ಯೂಟರ್ ಸೈನ್ಸ್.

ಸಿಎ ಗುರಿ ಇದ್ದರೆ ನಮ್ಮ ಸಲಹೆ ಸೆಬಾ. ಫೌಂಡೇಶನ್‌ನ ಮೂರನೇ ಪತ್ರಿಕೆಯ 100 ಅಂಕದಲ್ಲಿ 40 ಸಂಖ್ಯಾಶಾಸ್ತ್ರದ್ದು. ಸರಾಸರಿ, ಸಂಭವನೀಯತೆ, ಸಹಸಂಬಂಧ, ಸೂಚ್ಯಂಕಗಳನ್ನು ಪಿಯುಸಿಯಲ್ಲೇ ಕಲಿತವರಿಗೆ ಅಷ್ಟು ಹೊರೆ ಇಳಿದಿರುತ್ತದೆ. ಮೂಲ ಗಣಿತ ಕೊಡುವ ಕಾಲೇಜು ಹತ್ತಿರದಲ್ಲಿದ್ದರೆ ಅದೂ ಒಳ್ಳೆಯದು. ನಿಮ್ಮ ತಾಲ್ಲೂಕಿನಲ್ಲಿ ಹೆಬಾ ಒಂದೇ ಇದ್ದರೆ, ಇದೊಂದಕ್ಕಾಗಿ ಮಗುವನ್ನು ಹಾಸ್ಟೆಲ್‌ಗೆ ಕಳಿಸಬೇಕಾಗಿಲ್ಲ. ದ್ವಿತೀಯ ಪಿಯುಸಿಯಲ್ಲಿ ದಿನಕ್ಕೆ 45 ನಿಮಿಷ ಗಣಿತಕ್ಕೆ ಕೊಟ್ಟರೆ ಆ ಕೊರತೆ ತುಂಬುತ್ತದೆ.

ಸೈನ್ಸ್ ಪಿಯುಸಿ ಮಾಡಿದವರು ಸಿಎಗೆ ಬರಬಹುದಾ?

ಬರಬಹುದು. ಕಲಾ ವಿಭಾಗದವರೂ ಬರಬಹುದು. ವಿಜ್ಞಾನದವರಿಗೆ ಗಣಿತ ಸುಲಭ, ಲೆಕ್ಕಶಾಸ್ತ್ರ ಹೊಸದು. ನೋಂದಣಿಗೂ ಫೌಂಡೇಶನ್ ಪರೀಕ್ಷೆಗೂ ನಡುವಿನ ನಾಲ್ಕು ತಿಂಗಳ ಕನಿಷ್ಠ ಅವಧಿಗೆ ಇನ್ನೆರಡು ತಿಂಗಳು ಸೇರಿಸಿಕೊಂಡು ಆ ಸಮಯವನ್ನೆಲ್ಲ ಅಕೌಂಟ್ಸಿಗೇ ಇಡಿ.

ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಇಂಗ್ಲಿಷಲ್ಲಿ ಬರೆಯೋಕೆ ಆಗುತ್ತಾ?

ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಲು ಸಾಧ್ಯ. ಕನ್ನಡಕ್ಕೆ ಅವಕಾಶವಿಲ್ಲ. ಹಾಗೆಂದು ಹಿಂಜರಿಯಬೇಕಾಗಿಲ್ಲ, ಏಕೆಂದರೆ ಇಲ್ಲಿ ಬೇಕಾದ್ದು ಅಲಂಕಾರದ ಇಂಗ್ಲಿಷ್ ಅಲ್ಲ. ಬೇಕಾದ್ದು ಸುಮಾರು ನಾನೂರು ಐನೂರು ಪಾರಿಭಾಷಿಕ ಪದ ಮತ್ತು ಚಿಕ್ಕ ನೇರ ವಾಕ್ಯ.

ಮೊದಲು ಕನ್ನಡದಲ್ಲಿ ಅರ್ಥ ಗಟ್ಟಿ ಮಾಡಿಕೊಳ್ಳಿ. ಲೆಡ್ಜರ್ ಎಂದರೆ ಖತಾವಣಿ, ಟ್ರಯಲ್ ಬ್ಯಾಲೆನ್ಸ್ ಎಂದರೆ ತಾಳೆಪಟ್ಟಿ, ಬ್ಯಾಲೆನ್ಸ್ ಶೀಟ್ ಎಂದರೆ ಅಢಾವೆ ಪತ್ರಿಕೆ, ಡಿಪ್ರಿಸಿಯೇಶನ್ ಎಂದರೆ ಸವಕಳಿ. ಒಂದು ನೋಟ್ ಪುಸ್ತಕದಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ, ಕೆಳಗೆ ಅದೇ ಪದ ಬಳಸಿದ ಒಂದು ಇಂಗ್ಲಿಷ್ ವಾಕ್ಯ ಬರೆಯುತ್ತಾ ಹೋಗಿ. ಬಿಸಿನೆಸ್ ಲಾ ಉತ್ತರಕ್ಕೆ ಮೂರು ಭಾಗ ಸಾಕು: ಕಾನೂನು ಏನು ಹೇಳುತ್ತದೆ, ಪ್ರಶ್ನೆಯ ಸಂಗತಿಗೆ ಅದು ಹೇಗೆ ಅನ್ವಯಿಸುತ್ತದೆ, ಹಾಗಾಗಿ ತೀರ್ಮಾನವೇನು. ದಿನಕ್ಕೆ ಒಂದೇ ಉತ್ತರವನ್ನು ಹೀಗೆ ಬರೆದು ಮೇಷ್ಟ್ರಿಗೋ ಸೀನಿಯರ್‌ಗೋ ತೋರಿಸಿದರೆ ಆರು ತಿಂಗಳಲ್ಲಿ ಕೈ ಕುದುರುತ್ತದೆ. ಕನ್ನಡ ಮಾಧ್ಯಮದವರು ಸೋಲುವುದು ಭಾಷೆಯಿಂದಲ್ಲ, ಓದಿ ಓದಿ ಬರೆಯದೇ ಇರುವುದರಿಂದ.

ಒಟ್ಟು ಖರ್ಚು ಎಷ್ಟಾಗುತ್ತೆ? ತೋಟದ ಆದಾಯ ಒಂದೇ ಇರೋದು.

ಸಂಸ್ಥೆಗೆ ಕಟ್ಟುವ ಹಣ ಎಂಜಿನಿಯರಿಂಗ್‌ಗೆ ಹೋಲಿಸಿದರೆ ಕಡಿಮೆ. ಫೌಂಡೇಶನ್ ನೋಂದಣಿ ಸುಮಾರು 9,800 ರೂಪಾಯಿ, ಪರೀಕ್ಷಾ ಶುಲ್ಕ 1,500. ಎರಡನೇ ಹಂತವಾದ ಇಂಟರ್‌ನಲ್ಲಿ ಪತ್ರಿಕೆಗಳು ಎರಡು ಗುಂಪಾಗಿರುತ್ತವೆ, ಎರಡಕ್ಕೂ ಸೇರಿ ನೋಂದಣಿ 18,000, ಪರೀಕ್ಷೆಗೆ 2,700. ಕೊನೆಯ ಹಂತವಾದ ಫೈನಲ್‌ಗೆ ನೋಂದಣಿ 22,000, ಪರೀಕ್ಷೆಗೆ 3,300. ನಡುವೆ ಬರುವ ಎರಡು ಕಡ್ಡಾಯ ತರಬೇತಿಗೆ ತಲಾ ಸುಮಾರು 14,000. ಎಲ್ಲ ಮೊದಲ ಸಲವೇ ಪಾಸಾದರೆ 85ರಿಂದ 90 ಸಾವಿರದೊಳಗೆ ಮುಗಿಯುತ್ತದೆ, ಅದೂ ನಾಲ್ಕು ವರ್ಷಕ್ಕೆ ಹರಡಿಕೊಂಡು. ಶುಲ್ಕ ಪರಿಷ್ಕರಣೆ ಆಗುತ್ತಿರುವುದರಿಂದ ಕಟ್ಟುವ ದಿನ ಐಸಿಎಐ ಜಾಲತಾಣದ ಮೊತ್ತವನ್ನೇ ನೋಡಿ.

ನಿಜವಾದ ಖರ್ಚು ಇರುವುದು ಕೋಚಿಂಗ್ ಮತ್ತು ಊರುಬಿಟ್ಟ ವಾಸದಲ್ಲಿ. ಅವೆರಡನ್ನೂ ಎಷ್ಟು ತಡವಾಗಿ ಶುರು ಮಾಡುತ್ತೀರೋ ಅಷ್ಟು ಉಳಿತಾಯ. ಇಂಟರ್, ಫೈನಲ್ ವಿದ್ಯಾರ್ಥಿಗಳಿಗೆ ಸಂಸ್ಥೆಯೇ ಪ್ರತಿಭೆ ಮತ್ತು ಆರ್ಥಿಕ ಅಗತ್ಯದ ಮೇಲೆ ವಿದ್ಯಾರ್ಥಿವೇತನ ಕೊಡುತ್ತದೆ. ನಮ್ಮ ಕಡೆಯ ಅನೇಕರು ಅದಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ. ಹಾಕಿ.

## ಫೌಂಡೇಶನ್

ಪಿಯುಸಿ ರಿಸಲ್ಟ್ ಬಂದ ಮೇಲೆ ಹೆಸರು ನೋಂದಾಯಿಸಿದ್ರೆ ಸಾಕಲ್ವಾ?

ಇದೊಂದು ತಪ್ಪಿನಿಂದ ಮಲೆನಾಡಿನ ಮಕ್ಕಳಿಗೆ ಪ್ರತಿ ವರ್ಷ ನಾಲ್ಕು ತಿಂಗಳು ಹೋಗುತ್ತದೆ. ನೋಂದಣಿಗೂ ಪರೀಕ್ಷೆಗೂ ನಡುವೆ ನಾಲ್ಕು ತಿಂಗಳ ಅಧ್ಯಯನ ಅವಧಿ ಇರಲೇಬೇಕು. ಫೌಂಡೇಶನ್ ಪರೀಕ್ಷೆ ವರ್ಷಕ್ಕೆ ಮೂರು ಸಲ: ಜನವರಿ, ಮೇ ಅಥವಾ ಜೂನ್, ಸೆಪ್ಟೆಂಬರ್. ಮೇ ಪರೀಕ್ಷೆಗೆ ಜನವರಿ 1ರೊಳಗೆ, ಸೆಪ್ಟೆಂಬರ್‌ಗೆ ಮೇ 1ರೊಳಗೆ, ಜನವರಿಗೆ ಹಿಂದಿನ ಸೆಪ್ಟೆಂಬರ್ 1ರೊಳಗೆ ನೋಂದಣಿ ಆಗಿರಬೇಕು.

ಪಿಯುಸಿ ಪರೀಕ್ಷೆ-1 ಮಾರ್ಚ್‌ನಲ್ಲಿ ಮುಗಿದು ಏಪ್ರಿಲ್‌ನಲ್ಲಿ ಫಲಿತಾಂಶ ಬರುತ್ತದೆ. ಆಗ ಹೊರಟವರಿಗೆ ಮೇ ಪರೀಕ್ಷೆಯ ಬಾಗಿಲು ಮುಚ್ಚಿ ಮೂರು ತಿಂಗಳಾಗಿರುತ್ತದೆ. ಹತ್ತನೇ ತರಗತಿ ಪಾಸಾದವರು ನೋಂದಣಿ ಮಾಡಿಸಬಹುದು, ಆದರೆ ದ್ವಿತೀಯ ಪಿಯುಸಿ ಮುಗಿಯದೆ ಪರೀಕ್ಷೆ ಬರೆಯಲಾಗದು. ಹಾಗಾಗಿ ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲಿ, ಎಂದರೆ ಅಕ್ಟೋಬರ್‌ನಲ್ಲಿ, ನೋಂದಾಯಿಸಿ. ಪುಸ್ತಕಗಳು ಅಂಚೆಯಲ್ಲಿ ಬರುವುದಕ್ಕೂ ಸಮಯ ಸಿಗುತ್ತದೆ. ಪ್ರಥಮ ಪಿಯುಸಿಗೆ ಮುಂಚೆಯೇ ಮಾಡಿಸುವ ಆತುರ ಬೇಡ. ನೋಂದಣಿ ನಾಲ್ಕೇ ವರ್ಷ ಚಾಲ್ತಿಯಲ್ಲಿರುತ್ತದೆ, ನವೀಕರಣವೂ ಇಲ್ಲ.

ಇನ್ನೊಂದು ಮಾತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರು, ಇನಿಶಿಯಲ್ ಒಂದೇ ಥರ ಇದೆಯೇ ನೋಡಿ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಅಕ್ಷರ ಇದ್ದರೆ ಮುಂದೆ ಪ್ರತಿ ಫಾರಂನಲ್ಲೂ ತಕರಾರು. ಮೊದಲೇ ಸರಿಪಡಿಸಿಕೊಳ್ಳಿ.

ಏನೇನು ಪೇಪರ್ ಇರುತ್ತೆ? ಎಷ್ಟು ಬಂದ್ರೆ ಪಾಸು?

ನಾಲ್ಕು ಪತ್ರಿಕೆ, ತಲಾ 100 ಅಂಕ. ಅಕೌಂಟಿಂಗ್ ಮತ್ತು ಬಿಸಿನೆಸ್ ಲಾ ಬರವಣಿಗೆಯವು, ಮೂರು ಗಂಟೆ. ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್ ಮತ್ತು ಬಿಸಿನೆಸ್ ಎಕನಾಮಿಕ್ಸ್ ಬಹು ಆಯ್ಕೆಯವು, ಎರಡು ಗಂಟೆ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40, ಒಟ್ಟು 400ಕ್ಕೆ ಕನಿಷ್ಠ 200. ಎರಡೂ ಷರತ್ತು ಒಟ್ಟಿಗೆ ಪೂರೈಸಬೇಕು. 62, 38, 60, 55 ಬಂದರೆ ಒಟ್ಟು 215 ಆದರೂ ಫೇಲ್, ಏಕೆಂದರೆ ಒಂದರಲ್ಲಿ 38. ಫೇಲಾದರೆ ನಾಲ್ಕನ್ನೂ ಮತ್ತೆ ಬರೆಯಬೇಕು.

ಬಹು ಆಯ್ಕೆಯ ಪತ್ರಿಕೆಗಳಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. 60 ಸರಿ, 20 ತಪ್ಪು, 20 ಬಿಟ್ಟಿದ್ದು ಎಂದಾದರೆ ಸಿಗುವುದು 55. ನಾಲ್ಕು ಆಯ್ಕೆಗಳಲ್ಲಿ ಒಂದೆರಡು ಖಂಡಿತ ಅಲ್ಲವೆಂದು ಗೊತ್ತಿದ್ದರೆ ಉಳಿದವುಗಳಲ್ಲಿ ಒಂದನ್ನು ಗುರುತಿಸುವುದು ಲಾಭ. ಏನೂ ಗೊತ್ತಿಲ್ಲದಿದ್ದರೆ ಬಿಡಿ.

ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಅಂತ ಇನ್ನೂ ತಲೆಗೆ ಹತ್ತುತ್ತಿಲ್ಲ. ಬ್ಯಾಂಕಲ್ಲಿ ದುಡ್ಡು ಬಂದ್ರೆ ಕ್ರೆಡಿಟ್ ಅಂತಾರೆ, ಪುಸ್ತಕದಲ್ಲಿ ಡೆಬಿಟ್ ಅಂತಾರಲ್ಲ?

ಗೊಂದಲಕ್ಕೆ ಕಾರಣ ಒಂದೇ: ಯಾರ ಪುಸ್ತಕ ಎಂದು ಕೇಳಿಕೊಳ್ಳದೇ ಇರುವುದು. ಪಾಸ್‌ಬುಕ್ ಬ್ಯಾಂಕಿನ ಪುಸ್ತಕದ ನಕಲು. ನಿಮ್ಮ ಹಣ ಬ್ಯಾಂಕಿಗೆ ಸಾಲ, ಆದ್ದರಿಂದ ಅವರ ಪುಸ್ತಕದಲ್ಲಿ ಕ್ರೆಡಿಟ್. ನಿಮ್ಮ ಪುಸ್ತಕದಲ್ಲಿ ಅದೇ ಹಣ ಆಸ್ತಿ, ಆದ್ದರಿಂದ ಡೆಬಿಟ್.

ಅಡಿಕೆ ಮಂಡಿಯ ಉದಾಹರಣೆ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಮಂಡಿಯವರು ಒಬ್ಬ ರೈತರಿಗೆ 50,000 ರೂಪಾಯಿ ಮುಂಗಡ ಕೊಟ್ಟರು. ಮಂಡಿಯ ಪುಸ್ತಕದಲ್ಲಿ ರೈತರ ಖಾತೆ ಡೆಬಿಟ್ 50,000, ನಗದು ಕ್ರೆಡಿಟ್ 50,000. ಸುಗ್ಗಿಯಲ್ಲಿ ಅವರ ಅಡಿಕೆ 1,80,000ಕ್ಕೆ ಮಾರಾಟವಾಯಿತು. ಖರೀದಿದಾರರ ಖಾತೆ ಡೆಬಿಟ್, ರೈತರ ಖಾತೆ ಕ್ರೆಡಿಟ್ 1,80,000. ಗಾಡಿ ಬಾಡಿಗೆ, ಹಮಾಲಿ ಎಂದು ಮಂಡಿ ಕೈಯಿಂದ ಕೊಟ್ಟಿದ್ದು 1,500. ಅದು ರೈತರ ಖಾತೆಗೆ ಡೆಬಿಟ್, ನಗದಿಗೆ ಕ್ರೆಡಿಟ್. ಈಗ ರೈತರ ಖಾತೆಯಲ್ಲಿ ಕ್ರೆಡಿಟ್ 1,80,000, ಡೆಬಿಟ್ 51,500. ಬಾಕಿ 1,28,500 ಮಂಡಿ ಕೊಡಬೇಕಾದ ಹಣ. ಅದನ್ನು ಕೊಟ್ಟಾಗ ರೈತರ ಖಾತೆ ಡೆಬಿಟ್ ಆಗಿ ಸೊನ್ನೆಗೆ ಬರುತ್ತದೆ.

ಇದೇ ವ್ಯವಹಾರವನ್ನು ಈಗ ರೈತರ ಪುಸ್ತಕದಲ್ಲಿ ಬರೆಯಿರಿ. ಮಂಡಿಯಲ್ಲಿ ಡೆಬಿಟ್ ಆದದ್ದು ಇಲ್ಲಿ ಕ್ರೆಡಿಟ್ ಆಗುತ್ತದೆ. ಎರಡೂ ಕಡೆಯಿಂದ ಹತ್ತು ವ್ಯವಹಾರ ಬರೆದವರಿಗೆ ಸೂತ್ರ ಬಾಯಿಪಾಠ ಬೇಕಾಗುವುದಿಲ್ಲ. ಮನೆಯಲ್ಲಿ ಹಳೆ ಮಂಡಿ ಪಟ್ಟಿಗಳಿದ್ದರೆ ಅವನ್ನೇ ಬಳಸಿ.

ಗಣಿತ ಬಿಟ್ಟು ಎರಡು ವರ್ಷ ಆಯ್ತು. ಎಲ್ಲಿಂದ ಶುರು ಮಾಡಲಿ?

ಈ ಪತ್ರಿಕೆಯಲ್ಲಿ ವ್ಯಾವಹಾರಿಕ ಗಣಿತ 40, ತಾರ್ಕಿಕ ಪ್ರಶ್ನೆಗಳು 20, ಸಂಖ್ಯಾಶಾಸ್ತ್ರ 40 ಅಂಕ. ಮೊದಲು ತಾರ್ಕಿಕ ಭಾಗ ಮುಗಿಸಿ. ಸಂಖ್ಯಾಸರಣಿ, ದಿಕ್ಕು, ರಕ್ತಸಂಬಂಧ, ಕೂರುವ ಕ್ರಮ ಇವಕ್ಕೆ ಹಿಂದಿನ ಗಣಿತ ಬೇಡ, ಎರಡು ವಾರ ಸಾಕು. ಆಮೇಲೆ ಸಂಖ್ಯಾಶಾಸ್ತ್ರ, ಅನುಪಾತ, ಬಡ್ಡಿ ಮತ್ತು ವಾರ್ಷಿಕ ಕಂತುಗಳ ಲೆಕ್ಕ. ಕಲನಶಾಸ್ತ್ರ ಕೊನೆಗೆ. ಅದು ಬಾರದಿದ್ದರೂ ಪಾಸಾಗಬಹುದು.

ಕ್ಯಾಲ್ಕ್ಯುಲೇಟರ್ ಕೈಗೆ ಪಳಗಲಿ. ಸೈಂಟಿಫಿಕ್ ಒಯ್ಯುವಂತಿಲ್ಲ. ಸದ್ದಿಲ್ಲದ, ಬ್ಯಾಟರಿಯದು, 12 ಅಂಕಿ, ಎರಡು ಮೆಮೊರಿವರೆಗಿನದು ಮಾತ್ರ. ಚಕ್ರಬಡ್ಡಿಗೆ ಘಾತ ತೆಗೆಯುವುದು ಹೀಗೆ: 1.08 ಒತ್ತಿ, ಗುಣಾಕಾರದ ಗುಂಡಿ ಎರಡು ಸಲ, ಸಮ ಚಿಹ್ನೆ ನಾಲ್ಕು ಸಲ ಒತ್ತಿದರೆ ಐದನೇ ಘಾತ 1.4693 ಬರುತ್ತದೆ. ಕೆಲವು ಕಂಪನಿಯದರಲ್ಲಿ ಗುಣಾಕಾರ ಒಂದೇ ಸಲ ಒತ್ತಬೇಕು. ಪರೀಕ್ಷೆಯ ಹಿಂದಿನ ವಾರ ಹೊಸ ಕ್ಯಾಲ್ಕ್ಯುಲೇಟರ್ ಕೊಳ್ಳಬೇಡಿ.

ಬೆಂಗಳೂರು, ಮಂಗಳೂರು ಕೋಚಿಂಗ್ ಇಲ್ಲದೆ ಆಗುತ್ತಾ? ನಮ್ಮೂರಲ್ಲಿ ನೆಟ್‌ವರ್ಕೂ ಸರಿ ಇಲ್ಲ.

ಫೌಂಡೇಶನ್‌ಗೆ ಆಗುತ್ತದೆ, ಮತ್ತು ಫೌಂಡೇಶನ್‌ಗಾಗಿ ಊರು ಬಿಡಬೇಡಿ ಎಂದೇ ಹೇಳುತ್ತೇವೆ. ಐಸಿಎಐ ತನ್ನ ಪಠ್ಯಪುಸ್ತಕಗಳನ್ನು ಉಚಿತವಾಗಿ ಜಾಲತಾಣದಲ್ಲಿಟ್ಟಿದೆ, ಉಚಿತ ನೇರ ತರಗತಿ ನಡೆಸುತ್ತದೆ, ಅವುಗಳ ರೆಕಾರ್ಡಿಂಗೂ ಸಿಗುತ್ತದೆ. ಪ್ರತಿ ಪರೀಕ್ಷೆಗೆ ಮುಂಚೆ ರಿವಿಷನ್ ಟೆಸ್ಟ್ ಪೇಪರ್, ಮಾಕ್ ಟೆಸ್ಟ್ ಪೇಪರ್, ಹಿಂದಿನ ಪ್ರಶ್ನೆಗಳಿಗೆ ಮಾದರಿ ಉತ್ತರ ಪ್ರಕಟಿಸುತ್ತದೆ. ಪೇಟೆಗೆ ಹೋದ ದಿನ ವಾರದ ಪಾಠಗಳನ್ನು ಫೋನಿಗೆ ಇಳಿಸಿಕೊಂಡು ಬನ್ನಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಆ ತಿಂಗಳುಗಳಲ್ಲಿ ಓದು ಪುಸ್ತಕದಿಂದಲೇ ನಡೆಯುವಂತೆ ಯೋಜಿಸಿ, ವಿಡಿಯೋ ನಂಬಿ ಕೂರಬೇಡಿ. ಮಳೆ ರಜೆಯ ದಿನಗಳು ಮೂರು ಗಂಟೆಯ ಮಾದರಿ ಪರೀಕ್ಷೆ ಬರೆಯಲು ಹೇಳಿ ಮಾಡಿಸಿದಂತಿರುತ್ತವೆ. ನಿಜವಾದ ಪರೀಕ್ಷೆ ಮಧ್ಯಾಹ್ನ 2ಕ್ಕೆ ಶುರುವಾಗುವುದರಿಂದ ಮನೆಯಲ್ಲೂ ಅದೇ ಹೊತ್ತಿಗೆ, ಊಟವಾದ ಮೇಲೆ, ಬರೆಯಿರಿ. ಆ ಹೊತ್ತಿನ ತೂಕಡಿಕೆಯನ್ನು ಗೆಲ್ಲುವುದೂ ತಯಾರಿಯೇ.

ಅಕೌಂಟ್ಸ್ ಒಂದಕ್ಕೆ ಮಾತ್ರ ಎದುರು ಕೂತು ಹೇಳಿಕೊಡುವವರು ಬೇಕು. ನಿಮ್ಮ ಕಾಲೇಜಿನ ಲೆಕ್ಕಶಾಸ್ತ್ರದ ಮೇಷ್ಟ್ರಿಗಿಂತ ಹತ್ತಿರದವರು ಯಾರೂ ಇಲ್ಲ.

ಮೊದಲ ಸಲ ಫೇಲಾದೆ. ಪೇಪರ್ ಮತ್ತೆ ನೋಡಿಸಬಹುದಾ?

ಮರುಮೌಲ್ಯಮಾಪನ ಇಲ್ಲ. ಕೂಡುವಿಕೆ ತಪ್ಪಿದೆಯೇ, ಯಾವುದಾದರೂ ಉತ್ತರ ನೋಡದೆ ಬಿಟ್ಟಿದ್ದಾರೆಯೇ ಎಂದು ಪರಿಶೀಲಿಸಲು ಕೇಳಬಹುದು. ಅದಕ್ಕಿಂತ ಉಪಯುಕ್ತ ದಾರಿ ಉತ್ತರಪತ್ರಿಕೆಯ ದೃಢೀಕೃತ ಪ್ರತಿ ತರಿಸುವುದು. ಫಲಿತಾಂಶದ 30 ದಿನದೊಳಗೆ ಅರ್ಜಿ ಹಾಕಿ. ಪಕ್ಕದಲ್ಲಿ ಸಂಸ್ಥೆಯ ಮಾದರಿ ಉತ್ತರ ಇಟ್ಟು ಎಲ್ಲಿ ಅಂಕ ಹೋಯಿತು ಎಂದು ಗುರುತು ಹಾಕಿ. ಹೆಚ್ಚಿನವರಿಗೆ ಕಾಣುವುದು ಎರಡು: ಅಕೌಂಟ್ಸ್‌ನಲ್ಲಿ ವರ್ಕಿಂಗ್ ನೋಟ್ (ಉತ್ತರ ಬಂದ ಲೆಕ್ಕದ ಹಂತಗಳು) ಬರೆಯದಿರುವುದು, ಲಾ ಪತ್ರಿಕೆಯಲ್ಲಿ ಕಾನೂನು ಹೇಳದೆ ನೇರ ತೀರ್ಮಾನಕ್ಕೆ ಹೋಗಿರುವುದು.

## ಇಂಟರ್ ಮತ್ತು ಬಿಕಾಂ

ಬಿಕಾಂ ಜೊತೆಗೆ ಮಾಡಬೇಕಾ, ಬರೀ ಸಿಎ ಓದಿದ್ರೆ ಸಾಕಾ?

ಸಿಎ ಆಗಲು ಪದವಿ ಕಡ್ಡಾಯವಲ್ಲ. ಆದರೂ ಪದವಿ ಮಾಡಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಬ್ಯಾಂಕ್, ಕೆಎಎಸ್, ಯುಪಿಎಸ್‌ಸಿ ಯಾವುದಕ್ಕೇ ಹೋಗಲಿ ಪದವಿ ಕೇಳುತ್ತಾರೆ. ಸಿಎ ಅರ್ಧಕ್ಕೆ ನಿಂತರೂ ಕೈಯಲ್ಲಿ ಒಂದು ಪ್ರಮಾಣಪತ್ರ ಇರುತ್ತದೆ.

ಹೊಂದಾಣಿಕೆಯ ಸಮಸ್ಯೆ ಇರುವುದು ಆರ್ಟಿಕಲ್‌ಶಿಪ್‌ನಲ್ಲಿ, ಎಂದರೆ ಇಂಟರ್ ಆದ ಮೇಲೆ ಸಿಎ ಕಚೇರಿಯಲ್ಲಿ ಪಡೆಯಬೇಕಾದ ಕಡ್ಡಾಯ ತರಬೇತಿಯಲ್ಲಿ. ವಾರಕ್ಕೆ 35 ಗಂಟೆ ಆಡಿಟರ್ ಕಚೇರಿಯಲ್ಲಿರಬೇಕಾದಾಗ ಹಗಲು ಕಾಲೇಜಿನ ಹಾಜರಾತಿ ಆಗದು. ಕರ್ನಾಟಕದಲ್ಲಿ ಪದವಿ 2024-25ರಿಂದ ಮತ್ತೆ ಮೂರು ವರ್ಷದ್ದಾಗಿದೆ. ಮೊದಲ ವರ್ಷಗಳಲ್ಲಿ ಕಾಲೇಜಿಗೆ ಹೋಗುತ್ತಲೇ ಇಂಟರ್ ಮುಗಿಸಿ, ಪದವಿ ಕೈಸೇರಿದ ಮೇಲೆ ಆರ್ಟಿಕಲ್‌ಶಿಪ್ ಶುರು ಮಾಡುವುದು ಒಂದು ದಾರಿ. ಸ್ವಲ್ಪ ತಡ, ಆದರೆ ನೆಮ್ಮದಿ. ಬೇಗ ಮುಗಿಸಬೇಕೆನ್ನುವವರು ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಅಥವಾ ಇಗ್ನೋದಲ್ಲಿ ಬಿಕಾಂ ಸೇರುತ್ತಾರೆ. ಹಾಜರಾತಿ ಕಾಲೇಜಿನಲ್ಲೂ ಕಚೇರಿಯಲ್ಲೂ ಒಂದೇ ಹೊತ್ತಿಗೆ ತೋರಿಸುವ ಅಡ್ಡದಾರಿಗೆ ಹೋಗಬೇಡಿ. ಸಿಕ್ಕಿಬಿದ್ದರೆ ತರಬೇತಿಯ ಅವಧಿಯೇ ರದ್ದಾಗಬಹುದು.

ಬಿಕಾಂ ಮುಗಿದಿದೆ. ಈಗ ಫೌಂಡೇಶನ್ ಬರೀಬೇಕಾ?

ಬೇಡ. ವಾಣಿಜ್ಯ ಪದವಿಯಲ್ಲಿ ಶೇ 55, ಬೇರೆ ಪದವಿಯಲ್ಲಿ ಶೇ 60 ಇದ್ದರೆ ನೇರ ಇಂಟರ್‌ಗೆ ನೋಂದಾಯಿಸಬಹುದು. ಕೊನೆಯ ವರ್ಷದಲ್ಲಿದ್ದಾಗಲೇ ತಾತ್ಕಾಲಿಕ ನೋಂದಣಿ ಮಾಡಿಸಿಕೊಳ್ಳಬಹುದು. ಫೌಂಡೇಶನ್‌ನಲ್ಲಿ ಎರಡು ಮೂರು ಸಲ ಸೋತವರಿಗೂ ಇದು ಗೌರವದ ದಾರಿಯೇ. ಆದ್ದರಿಂದ ಬಿಕಾಂ ಅಂಕಗಳನ್ನು ಹಗುರವಾಗಿ ನೋಡಬೇಡಿ. 53 ಬಂದು ಬಾಗಿಲಲ್ಲಿ ನಿಂತವರು ಇದ್ದಾರೆ.

ಇಂಟರ್‌ನಲ್ಲಿ ಒಂದೊಂದೇ ಗ್ರೂಪ್ ಬರೀಲಾ, ಎರಡೂ ಒಟ್ಟಿಗೆ ಬರೀಲಾ?

ಇಂಟರ್‌ಗೆ ಎಂಟು ತಿಂಗಳ ಅಧ್ಯಯನ ಅವಧಿ. ಮೊದಲ ಗುಂಪಿನಲ್ಲಿ ಅಡ್ವಾನ್ಸ್ಡ್ ಅಕೌಂಟಿಂಗ್, ಕಾರ್ಪೊರೇಟ್ ಮತ್ತು ಇತರ ಕಾನೂನು, ತೆರಿಗೆ. ಎರಡನೆಯದರಲ್ಲಿ ಕಾಸ್ಟ್ ಅಕೌಂಟಿಂಗ್, ಆಡಿಟಿಂಗ್ ಮತ್ತು ಎಥಿಕ್ಸ್, ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಜೊತೆ ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್. ಪ್ರತಿ ಪತ್ರಿಕೆಯಲ್ಲಿ 30 ಅಂಕ ಬಹು ಆಯ್ಕೆಗೆ, ಇಲ್ಲಿ ಕಳೆಯುವಿಕೆ ಇಲ್ಲ. ಪತ್ರಿಕೆಗೆ 40, ಗುಂಪಿನ ಒಟ್ಟು 300ಕ್ಕೆ 150 ಬೇಕು.

ಎರಡೂ ಒಟ್ಟಿಗೆ ಬರೆದರೆ ಒಂದು ಅನುಕೂಲವಿದೆ. ಮೊದಲ ಗುಂಪಿನಲ್ಲಿ 140, ಎರಡನೆಯದರಲ್ಲಿ 162 ಬಂತೆನ್ನಿ, ಎಲ್ಲ ಪತ್ರಿಕೆಯಲ್ಲೂ 40 ದಾಟಿದೆ. ಒಟ್ಟು 600ಕ್ಕೆ 302 ಆದ್ದರಿಂದ ಎರಡೂ ಪಾಸು. ಬೇರೆ ಬೇರೆ ಬರೆದಿದ್ದರೆ ಮೊದಲನೆಯದು ಹೋಗುತ್ತಿತ್ತು. ಜೊತೆಗೆ, ಎರಡೂ ಗುಂಪು ಮುಗಿಯದೆ ಆರ್ಟಿಕಲ್‌ಶಿಪ್ ಶುರುವಾಗದು. ಕಾಲೇಜಿನ ಸೆಮಿಸ್ಟರ್ ಪರೀಕ್ಷೆ ಅದೇ ತಿಂಗಳಿಗೆ ಬಂದು ಓದು ಅರ್ಧವಾಗಿದ್ದರೆ ಮಾತ್ರ ಒಂದೇ ಗುಂಪು ಆರಿಸಿ.

ಗುಂಪು ಫೇಲಾದರೂ ಒಂದು ಪತ್ರಿಕೆಯಲ್ಲಿ 60 ಬಂದರೆ ಅದಕ್ಕೆ ಮುಂದಿನ ಮೂರು ಪರೀಕ್ಷೆಗಳಿಗೆ ವಿನಾಯಿತಿ ಸಿಗುತ್ತದೆ.

ಅಕ್ಕನ ಹಳೆ ಪುಸ್ತಕ ಇದೆ. ಅದರಲ್ಲೇ ಓದಲಾ?

ಕಾಸ್ಟಿಂಗ್‌ಗೆ ಅಭ್ಯಾಸ ಲೆಕ್ಕ ಬಿಡಿಸಲು ಬಳಸಿ. ತೆರಿಗೆಗೆ ಬೇಡವೇ ಬೇಡ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ, ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ. ನಿಮ್ಮ ಪರೀಕ್ಷೆಗೆ ಯಾವ ಕಾನೂನು ಅನ್ವಯ ಎಂದು ಐಸಿಎಐ ಪ್ರತಿ ಸಲ ಪ್ರಕಟಣೆ ಹೊರಡಿಸುತ್ತದೆ. ಅದನ್ನು ಓದಿ ಪುಸ್ತಕ ಕೊಳ್ಳಿ.

## ಆರ್ಟಿಕಲ್‌ಶಿಪ್

ಶಿವಮೊಗ್ಗದಲ್ಲೇ ಆರ್ಟಿಕಲ್‌ಶಿಪ್ ಮಾಡಲಾ, ಬೆಂಗಳೂರಿಗೆ ಹೋಗಲಾ?

ಎಲ್ಲಕ್ಕಿಂತ ಹೆಚ್ಚು ಯೋಚಿಸಿ ನಿರ್ಧರಿಸಬೇಕಾದ ಪ್ರಶ್ನೆ ಇದು. ತರಬೇತಿ ಈಗ ಎರಡೇ ವರ್ಷ, ಅದನ್ನು ಎಲ್ಲಿ ಕಳೆಯುತ್ತೀರಿ ಎಂಬುದು ನೀವು ಎಂಥ ಸಿಎ ಆಗುತ್ತೀರಿ ಎಂಬುದನ್ನು ತೀರ್ಮಾನಿಸುತ್ತದೆ.

ಶಿವಮೊಗ್ಗ, ಸಾಗರ, ಭದ್ರಾವತಿಯಂಥ ಊರಿನ ಕಚೇರಿಯಲ್ಲಿ ಒಬ್ಬ ಕಕ್ಷಿದಾರರ ಕೆಲಸ ಶುರುವಿನಿಂದ ಕೊನೆಯವರೆಗೆ ನಿಮ್ಮ ಕೈಯಲ್ಲೇ ಹಾದುಹೋಗುತ್ತದೆ. ಅಡಿಕೆ ವ್ಯಾಪಾರಿಯ ಬಿಲ್ಲು ನೋಡುತ್ತೀರಿ, ಜಿಎಸ್‌ಟಿಯ ರಿಟರ್ನ್‌ಗಳಾದ ಜಿಎಸ್‌ಟಿಆರ್-1 ಅನ್ನು ತಿಂಗಳ 11ಕ್ಕೆ, 3ಬಿಯನ್ನು 20ಕ್ಕೆ ಸಲ್ಲಿಸುತ್ತೀರಿ, ಸೆಪ್ಟೆಂಬರ್ 30ಕ್ಕೆ ತೆರಿಗೆ ಆಡಿಟ್ ವರದಿ ತಯಾರಿಸುತ್ತೀರಿ, ನೋಟಿಸ್ ಬಂದರೆ ಉತ್ತರದ ಕರಡೂ ಬರೆಯುತ್ತೀರಿ. ಏಪ್ರಿಲ್‌ನಲ್ಲಿ ಬ್ಯಾಂಕ್ ಶಾಖೆಯ ಆಡಿಟ್, ಆಮೇಲೆ ಸಹಕಾರ ಸಂಘಗಳ ಆಡಿಟ್. ಕಕ್ಷಿದಾರರ ಜೊತೆ ಕನ್ನಡದಲ್ಲಿ ಮಾತಾಡಿ ಕಾಗದ ತರಿಸಿಕೊಳ್ಳುವ ಕಲೆ ಬರುತ್ತದೆ. ಮನೆಯಿಂದ ಓಡಾಡಿದರೆ ಖರ್ಚೂ ಇಲ್ಲ, ಓದಲು ಸಮಯವೂ ಇದೆ. ಕೊರತೆಯೆಂದರೆ ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳ ಲೆಕ್ಕ, ಅಂತರರಾಷ್ಟ್ರೀಯ ತೆರಿಗೆ, ವಿಲೀನದಂಥ ಕೆಲಸ ಕಾಣಸಿಗುವುದು ಅಪರೂಪ.

ಬೆಂಗಳೂರಿನ ದೊಡ್ಡ ಕಚೇರಿಯಲ್ಲಿ ಇವೆಲ್ಲ ಸಿಗುತ್ತವೆ. ಆದರೆ ಒಂದೇ ವಿಭಾಗದಲ್ಲಿ ಎರಡು ವರ್ಷ ಕಳೆದುಹೋಗಬಹುದು. ಆದಾಯ ತೆರಿಗೆ ರಿಟರ್ನ್ ಒಂದನ್ನೂ ಸ್ವತಃ ತುಂಬದೆ ಸಿಎ ಆದವರು ಅಲ್ಲಿದ್ದಾರೆ. ಕಕ್ಷಿದಾರರ ಊರಿಗೆ ಓಡಾಟ, ತಡರಾತ್ರಿಯ ಕೆಲಸ ಸಾಮಾನ್ಯ. ಸ್ಟೈಪೆಂಡಿನ (ತರಬೇತಿಯಲ್ಲಿ ಕೊಡುವ ಭತ್ಯೆಯ) ಕನಿಷ್ಠ ಮಟ್ಟವನ್ನು ಐಸಿಎಐ ಊರಿನ ಜನಸಂಖ್ಯೆ ನೋಡಿ ನಿಗದಿ ಮಾಡಿದೆ. ದೊಡ್ಡ ಸಂಸ್ಥೆಗಳು ಅದಕ್ಕಿಂತ ಹೆಚ್ಚು ಕೊಡುತ್ತವೆ, ಆ ಹೆಚ್ಚಿನದು ಪಿಜಿ ಬಾಡಿಗೆಗೆ ಹೋಗುತ್ತದೆ.

ಊರಿಗೆ ಬಂದು ಸ್ವಂತ ಕಚೇರಿ ತೆರೆಯುವ ಮನಸ್ಸಿದ್ದರೆ ಶಿವಮೊಗ್ಗದಲ್ಲೇ ಮಾಡಿ. ಕಂಪನಿಯಲ್ಲಿ ನೌಕರಿ ಬೇಕೆಂದರೆ ಬೆಂಗಳೂರು. ಎರಡರ ನಡುವೆ ತೂಗಾಡುತ್ತಿದ್ದರೆ ಬೆಂಗಳೂರಿನ ಮಧ್ಯಮ ಗಾತ್ರದ ಕಚೇರಿ ಹುಡುಕಿ, ಎಂಟು ಹತ್ತು ಆರ್ಟಿಕಲ್‌ಗಳು (ಆರ್ಟಿಕಲ್‌ಶಿಪ್ ಮಾಡುತ್ತಿರುವವರು) ಎಲ್ಲ ಬಗೆಯ ಕೆಲಸವನ್ನೂ ಹಂಚಿಕೊಂಡು ಮಾಡುವಂಥದ್ದು. ಸೇರುವ ಮುನ್ನ ಅಲ್ಲಿ ಈಗಿರುವ ಆರ್ಟಿಕಲ್ ಒಬ್ಬರನ್ನು ಹೊರಗೆ ಭೇಟಿಯಾಗಿ, ಕಳೆದ ತಿಂಗಳು ಏನೇನು ಕೆಲಸ ಮಾಡಿದಿರಿ ಎಂದು ಕೇಳಿ. ಮನಸ್ಸಿಗೆ ಬಂದಾಗ ಕಚೇರಿ ಬದಲಿಸಲು ಆಗುವುದಿಲ್ಲ, ನಿಯಮದಲ್ಲಿ ಹೇಳಿದ ಕಾರಣ ಇರಬೇಕು.

ಸೇರುವಾಗ ಏನೇನು ಕಾಗದಪತ್ರ?

ಮೊದಲು ಐಸಿಐಟಿಎಸ್‌ಎಸ್ ಎಂಬ ನಾಲ್ಕು ವಾರದ ತರಬೇತಿ ಮುಗಿಸಿರಬೇಕು: ಎರಡು ವಾರ ಕಂಪ್ಯೂಟರ್, ಎರಡು ವಾರ ಮಾತು ಮತ್ತು ನಡವಳಿಕೆಯದು. ಇಂಟರ್ ಫಲಿತಾಂಶದ ನಂತರ ಎಲ್ಲರೂ ಒಟ್ಟಿಗೆ ನುಗ್ಗುವುದರಿಂದ ಸೀಟು ಸಿಗದೆ ತಿಂಗಳು ದಾಟುತ್ತದೆ. ಪರೀಕ್ಷೆ ಮುಗಿದು ಫಲಿತಾಂಶ ಕಾಯುವ ಎರಡು ತಿಂಗಳಲ್ಲೇ ಮಾಡಿಕೊಳ್ಳಿ. ಸಂಸ್ಥೆಯ ಶಾಖೆಗಳು ಮಂಗಳೂರು, ಉಡುಪಿ, ಹುಬ್ಬಳ್ಳಿ, ಬೆಂಗಳೂರಿನಲ್ಲಿವೆ.

ಸೇರಿದ ದಿನ ಸ್ಟ್ಯಾಂಪ್ ಪೇಪರ್ ಮೇಲೆ ಫಾರಂ 102 ಕರಾರು. ನಂತರ 30 ದಿನದೊಳಗೆ ಫಾರಂ 103 ಸಂಸ್ಥೆಗೆ ತಲುಪಬೇಕು. ಇದನ್ನು ಕಚೇರಿಯವರು ನೋಡಿಕೊಳ್ಳುತ್ತಾರೆಂದು ಬಿಡಬೇಡಿ. ರಜೆ ವರ್ಷಕ್ಕೆ 12 ದಿನ. ಅಡಿಕೆ ಕೊಯ್ಲಿಗೆ ಊರಿಗೆ ಬರುತ್ತೇನೆಂದು ಮನೆಯಲ್ಲಿ ಮಾತು ಕೊಡುವ ಮುನ್ನ ಇದನ್ನು ನೆನಪಿಡಿ.

## ಫೈನಲ್ ಮತ್ತು ಆಮೇಲೆ

ಒಂದೂ ಫೇಲಾಗದೆ ಹೋದ್ರೆ ಎಷ್ಟು ವರ್ಷ?

ಪಿಯುಸಿ ಮುಗಿದ ವರ್ಷದ ಮೇನಲ್ಲಿ ಫೌಂಡೇಶನ್. ಜುಲೈನಲ್ಲಿ ಫಲಿತಾಂಶ, ಸೆಪ್ಟೆಂಬರ್ 1ರೊಳಗೆ ಇಂಟರ್ ನೋಂದಣಿ, ಮರುವರ್ಷ ಮೇನಲ್ಲಿ ಇಂಟರ್. ಆಗಸ್ಟ್ ಹೊತ್ತಿಗೆ ಆರ್ಟಿಕಲ್‌ಶಿಪ್, ಎರಡು ವರ್ಷ. ಅದು ಮುಗಿದ ಮೇಲೆ ಆರು ತಿಂಗಳ ಓದು, ಅದರ ನಂತರದ ಮೇನಲ್ಲಿ ಫೈನಲ್. ಎಂದರೆ ಪಿಯುಸಿಯಿಂದ ನಾಲ್ಕು ವರ್ಷ ಮೂರು ನಾಲ್ಕು ತಿಂಗಳು. ಮನೆಯವರು ಆರು ವರ್ಷಕ್ಕೆ ಮನಸ್ಸು ಸಿದ್ಧ ಮಾಡಿಕೊಂಡರೆ ಮಗುವಿನ ಮೇಲೆ ಒತ್ತಡ ಇಳಿಯುತ್ತದೆ.

ಫೈನಲ್ ಬರೆಯುವ ಮೊದಲು ಇನ್ನೊಂದು ನಾಲ್ಕು ವಾರದ ತರಬೇತಿ ಮತ್ತು ನಾಲ್ಕು ಸ್ವಯಂ ಅಧ್ಯಯನ ಮಾಡ್ಯೂಲ್‌ಗಳ ಪರೀಕ್ಷೆ ಮುಗಿದಿರಬೇಕು. ಮಾಡ್ಯೂಲ್‌ಗಳನ್ನು ಆರ್ಟಿಕಲ್‌ಶಿಪ್‌ನಲ್ಲೇ ಆರು ತಿಂಗಳಿಗೊಂದರಂತೆ ಮುಗಿಸಿ. ಕೊನೆಯ ಓದಿನ ಆರು ತಿಂಗಳಿಗೆ ಇಟ್ಟುಕೊಂಡವರಿಗೆ ಫೈನಲ್‌ನ ಆರು ಪತ್ರಿಕೆಗಳಿಗೇ ಸಮಯ ಸಾಲುವುದಿಲ್ಲ.

ಇಂಟರ್ ಆಗಿ ಫೈನಲ್ ಆಗಲಿಲ್ಲ ಅಂದ್ರೆ ಎಲ್ಲಾ ವ್ಯರ್ಥನಾ?

ಅಲ್ಲ. ಫೈನಲ್ ನೋಂದಣಿ ಹತ್ತು ವರ್ಷ ಚಾಲ್ತಿಯಲ್ಲಿರುತ್ತದೆ, ನವೀಕರಣವೂ ಉಂಟು. ಕೆಲಸ ಮಾಡುತ್ತಾ ಬರೆಯಬಹುದು. ಇಂಟರ್ ಮತ್ತು ಆರ್ಟಿಕಲ್‌ಶಿಪ್ ಮುಗಿದವರನ್ನು ಕಂಪನಿಗಳ ಲೆಕ್ಕ ವಿಭಾಗ, ಆಡಿಟ್ ಕಚೇರಿಗಳು ಕರೆದು ತೆಗೆದುಕೊಳ್ಳುತ್ತವೆ. ಜಿಎಸ್‌ಟಿ ಮತ್ತು ಟಿಡಿಎಸ್ ಕೆಲಸ ಬಲ್ಲವರಿಗೆ ಶಿವಮೊಗ್ಗದಲ್ಲೂ ಬೇಡಿಕೆ ಇದೆ.

ಸಿಎ ಆಗಿ ಊರಿಗೇ ವಾಪಸ್ ಬಂದ್ರೆ ಕೆಲಸ ಸಿಗುತ್ತಾ? ರೈತರಿಗೆ ತೆರಿಗೆಯೇ ಇಲ್ಲವಲ್ಲ?

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಮಲೆನಾಡಿನಲ್ಲಿ ಬರೀ ಕೃಷಿಯಿಂದ ಬದುಕುವ ಮನೆಗಳು ಎಷ್ಟಿವೆ? ತೋಟದ ಜೊತೆ ಮಗನ ಸಂಬಳ, ಹೋಂಸ್ಟೇ ಬಾಡಿಗೆ, ಠೇವಣಿ ಬಡ್ಡಿ ಇರುತ್ತದೆ. ಬೇರೆ ಆದಾಯ ಮೂಲ ವಿನಾಯಿತಿ ಮಿತಿ (ತೆರಿಗೆ ಬೀಳದ ಮೊತ್ತ) ದಾಟಿ, ಕೃಷಿ ಆದಾಯ 5,000 ಮೀರಿದರೆ ತೆರಿಗೆ ದರ ಲೆಕ್ಕ ಹಾಕಲು ಕೃಷಿ ಆದಾಯವನ್ನೂ ಸೇರಿಸುವ ಕ್ರಮವಿದೆ. ಈ ಲೆಕ್ಕ ಬಿಟ್ಟು ರಿಟರ್ನ್ ಹಾಕಿ ನೋಟಿಸ್ ಪಡೆದವರು ಬರುತ್ತಲೇ ಇರುತ್ತಾರೆ.

ಕೊಪ್ಪ, ಬಾಳೆಹೊನ್ನೂರು, ಮೂಡಿಗೆರೆಯ ಕಾಫಿಯದು ಇನ್ನೂ ಸೂಕ್ಷ್ಮ. ಬೆಳೆದು ಕ್ಯೂರಿಂಗ್ (ಬೀಜ ಬಿಡಿಸಿ ಹದ) ಮಾಡಿ ಮಾರಿದರೆ ಆ ಆದಾಯದ ಶೇ 25 ವ್ಯಾಪಾರದ ಆದಾಯವೆಂದು ತೆರಿಗೆಗೆ ಬರುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಸ್ವಂತ ಬ್ರಾಂಡಿನ ಪುಡಿ ಮಾರಲು ಹೊರಟ ಬೆಳೆಗಾರರಿಗೆ ಇದನ್ನು ಮೊದಲೇ ತಿಳಿಸಿ ಲೆಕ್ಕ ಬೇರೆ ಇಡಿಸುವವರು ಬೇಕು.

ಅಡಿಕೆ ವ್ಯಾಪಾರದ ಜಿಎಸ್‌ಟಿ, ಸೊಸೈಟಿ ಆಡಿಟ್, ವಹಿವಾಟಿನ ಮಿತಿ ದಾಟಿದವರ ತೆರಿಗೆ ಆಡಿಟ್, ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ವರದಿ ಸೇರಿದರೆ ತಾಲ್ಲೂಕು ಕೇಂದ್ರದಲ್ಲೂ ಒಂದು ಕಚೇರಿ ನಡೆಯುತ್ತದೆ. ಮೊದಲ ಎರಡು ವರ್ಷ ಆದಾಯ ತೆಳು. ಪ್ರಚಾರಕ್ಕೆ ಸಂಸ್ಥೆಯ ಕಟ್ಟುನಿಟ್ಟಿನ ಮಿತಿ ಇದೆ, ಕಕ್ಷಿದಾರರು ಬಾಯಿಮಾತಿನಿಂದಲೇ ಬರಬೇಕು. ಆರಂಭದ ದಿನಗಳಲ್ಲಿ ಪರಿಚಯದವರು ಬಂದು, ಸಾಲಕ್ಕೆ ಬೇಕು, ಇಷ್ಟು ಆದಾಯ ಅಂತ ಒಂದು ಸರ್ಟಿಫಿಕೇಟ್ ಬರೆದುಕೊಡಿ ಎನ್ನುತ್ತಾರೆ. ದಾಖಲೆ ನೋಡದೆ ಸಹಿ ಹಾಕಬೇಡಿ. ನೀವು ಕೊಡುವ ಪ್ರತಿ ಪ್ರಮಾಣಪತ್ರಕ್ಕೂ ಯುಡಿಐಎನ್ ಎಂಬ 18 ಅಂಕಿ ಅಕ್ಷರಗಳ ಗುರುತು ಬೀಳುತ್ತದೆ, ಬ್ಯಾಂಕಿನವರು ಅದನ್ನು ಆನ್‌ಲೈನ್‌ನಲ್ಲಿ ತೆರೆದು ನೋಡುತ್ತಾರೆ.